ನಾಲೆ ಏರಿಯ ದಾರಿ

ನಮ್ಮ ಮೈಸೂರು ಜಿಲ್ಲೆಯ ಕೆ.ಆರ್. ನಗರ ಸೀಮೆಯಲ್ಲಿ ಎರಡು ಬಗೆಯ ಏರಿಗಳಿವೆ. ಕೆರೆ ಏರಿ ಒಂದು ಊರಿನದು, ಒಂದೆರಡು ಫರ್ಲಾಂಗಿಗೆ ಮುಗಿದುಹೋಗುತ್ತದೆ. ನಾಲೆ ಏರಿ ಹಾಗಲ್ಲ. ಒಂದು ಊರಿನ ಹಿತ್ತಲು, ಇನ್ನೊಂದು ಊರಿನ ಕಣ, ಮತ್ತೊಂದು ಊರಿನ ತೋಪು ಎಲ್ಲವನ್ನೂ ಸವರಿಕೊಂಡು ಮೈಲಿಗಟ್ಟಲೆ ಹೋಗುತ್ತಲೇ ಇರುತ್ತದೆ. ಚಾಮರಾಜ ಬಲದಂಡೆ, ಚಾಮರಾಜ ಎಡದಂಡೆ, ಮಿರ್ಲೆ ನಾಲೆ, ರಾಮಸಮುದ್ರ ನಾಲೆ: ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಗಳಿಂದ ಹೊರಟ ಈ ನಾಲೆಗಳಿಂದಲೇ ನಮ್ಮ ತಾಲ್ಲೂಕು ಭತ್ತದ ಕಣಜ ಅನ್ನಿಸಿಕೊಂಡದ್ದು. ಭತ್ತದ ಮಾತನ್ನು ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಬೇಕೆಂದಿರುವುದು ಆ ನಾಲೆಗಳ ಪಕ್ಕದ ದಾರಿಯ ಬಗ್ಗೆ, ಆ ದಾರಿಯಲ್ಲಿ ಸೈಕಲ್ ತುಳಿದ ನಮ್ಮ ಮನೆಯವರ ಬಗ್ಗೆ.

ನಾಲೆ ಏರಿಗೆ ಇರುವ ಗುಣ ಬೇರೆ ಯಾವ ರಸ್ತೆಗೂ ಇಲ್ಲ. ಗುಡ್ಡ ಬಂದರೆ ರಸ್ತೆ ಹತ್ತುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ನೀರು ಹತ್ತುವುದಿಲ್ಲ. ಅದಕ್ಕಾಗಿ ನಾಲೆ ತೋಡಿದವರು ನೆಲದ ಮಟ್ಟ ಹಿಡಿದು, ದಿಣ್ಣೆ ಬಂದಲ್ಲಿ ಬಳಸಿ, ತಗ್ಗು ಬಂದಲ್ಲಿ ಮಣ್ಣು ಏರಿಸಿ, ಸಾವಿರಾರು ಅಡಿಗೆ ಒಂದಡಿ ಲೆಕ್ಕದಲ್ಲಿ ನೀರನ್ನು ಇಳಿಸಿಕೊಂಡು ಹೋಗಿದ್ದಾರೆ. ನೀರಿನ ಜೊತೆ ಹೋಗುವ ದಾರಿಯೂ ಅದೇ ಮಟ್ಟದ್ದು. ಅಲ್ಲಿ ಸೈಕಲ್ ಇಳಿದು ತಳ್ಳಬೇಕಾದ ಏರು ಇಲ್ಲ, ಬ್ರೇಕು ಹಿಡಿದು ಎದೆ ಡವಗುಟ್ಟಬೇಕಾದ ಇಳಿಜಾರೂ ಇಲ್ಲ. ಎಂಟು ವರ್ಷದ ಹುಡುಗನೂ ಅರವತ್ತು ದಾಟಿದ ಅಜ್ಜಿಯೂ ಒಂದೇ ವೇಗದಲ್ಲಿ ಮಾತಾಡಿಕೊಂಡು ಹೋಗಬಹುದು. ಹೋಗುವಾಗ ಎಷ್ಟು ಹಗುರವೋ ಬರುವಾಗಲೂ ಅಷ್ಟೇ ಹಗುರ. ಆಷಾಢದ ಪಡುವಣ ಗಾಳಿಯೊಂದನ್ನು ಬಿಟ್ಟರೆ ಎದುರು ನಿಲ್ಲುವುದು ಯಾವುದೂ ಇಲ್ಲ.

ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಅವರದೊಂದು ಹರ್ಕ್ಯುಲಸ್ ಸೈಕಲ್ಲು. ಮುಂದಿನ ಬಾರಿಗೆ ಟವೆಲ್ಲು ಸುತ್ತಿ ತಮ್ಮನನ್ನು ಕೂರಿಸುವರು, ಹಿಂದಿನ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕಾಲು ಬಿಟ್ಟುಕೊಂಡು ಅವ್ವ. ಆ ಕಾಲದಲ್ಲಿ ಪಂಚಾಯ್ತಿಗೆ ತೆರಿಗೆ ಕಟ್ಟಿ ಸೈಕಲ್ಲಿಗೊಂದು ಬಿಲ್ಲೆ ಹಾಕಿಸಬೇಕಿತ್ತು, ರಾತ್ರಿ ಲೈಟಿಲ್ಲದೆ ಪೇಟೆ ರಸ್ತೆಗೆ ಬಂದರೆ ಪೋಲೀಸಿನವರು ಹಿಡಿಯುತ್ತಿದ್ದರು. ಏರಿಯ ಮೇಲೆ ಹಿಡಿಯುವವರು ಯಾರು! ಎಪ್ಪತ್ತರ ದಶಕದಲ್ಲಿ ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಪೇಟೆಯ ಬಾಡಿಗೆ ಅಂಗಡಿಯಿಂದ ಅಪ್ಪ ಇನ್ನೊಂದು ಸೈಕಲ್ ತಂದುಕೊಟ್ಟರು. ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡ್ಲು ಹೊಡೆದುಕೊಂಡೇ ನಾನು ಅವರ ಹಿಂದೆ ಹೊರಟೆ. ನಾವು ಹೋಗಬೇಕಾಗಿದ್ದದ್ದು ಚುಂಚನಕಟ್ಟೆ ಜಾತ್ರೆಗೆ.

ಚುಂಚನಕಟ್ಟೆಯ ದನಗಳ ಜಾತ್ರೆ ಸಂಕ್ರಾಂತಿಯ ಆಸುಪಾಸಿಗೆ ನೆರೆಯುತ್ತದೆ. ಕೊಯ್ಲು ಮುಗಿದಿರುತ್ತದೆ, ಗದ್ದೆಗಳಲ್ಲಿ ಕೂಳೆ ಒಣಗಿರುತ್ತದೆ, ಏರಿಯುದ್ದಕ್ಕೂ ಹುಲ್ಲು ಮೆದೆಗಳ ವಾಸನೆ. ನಾಲೆಯಲ್ಲಿ ನೀರು ಇಳಿದು, ಅಲ್ಲಲ್ಲಿ ನಿಂತ ಮಡುಗಳಲ್ಲಿ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಅಪ್ಪ ಮುಂದೆ, ನಾನು ಹಿಂದೆ. ಪ್ರತಿ ತೂಬಿನ ಹತ್ತಿರವೂ ಅಪ್ಪ ನಿಲ್ಲಿಸಿ, ಇದರ ನೀರು ಯಾವ ಊರಿನ ಬಯಲಿಗೆ ಹೋಗುತ್ತದೆ ಎಂದು ನಮ್ಮನ್ನು ಕೇಳುವರು. ಗೊತ್ತಿಲ್ಲದಿದ್ದರೆ ಹೇಳಿಕೊಟ್ಟು, ಬರುವಾಗ ಮತ್ತೆ ಕೇಳುವರು. ನಮ್ಮ ಸೀಮೆಯ ಊರುಗಳ ಹೆಸರನ್ನು ನಾನು ಕಲಿತದ್ದು ಭೂಪಟದಿಂದಲ್ಲ, ತೂಬುಗಳ ಸಾಲಿನಿಂದ. ಹೊಂಗೆ ಮರದ ಕೆಳಗೆ ಕೂತು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಆಮೇಲೆ ನಾಲೆ ಬಿಟ್ಟು ಬಂಡಿ ಜಾಡು ಹಿಡಿದಾಗ ನನಗೆ ಮೊದಲ ಸಲ ಏರು ಅಂದರೇನು ಎಂಬುದು ತಿಳಿಯಿತು. ಅಲ್ಲಿಯವರೆಗೂ ಕಾಲು ನೋಯುತ್ತದೆಂಬ ಯೋಚನೆಯೇ ಬಂದಿರಲಿಲ್ಲ.

ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಸಾಲು. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮಾತಿಲ್ಲದೆ ಬೆಲೆ ಕಟ್ಟುವುದನ್ನು ತಮ್ಮ ಕಣ್ಣು ಕೀಳದೆ ನೋಡಿದ. ಅವ್ವ ಕೋದಂಡರಾಮನ ಗುಡಿಗೆ ಕರೆದುಕೊಂಡು ಹೋದಳು. ಚುಂಚ, ಚುಂಚಿ ಎಂಬ ಬೇಡ ದಂಪತಿಗಳ ಊರಿದು, ರಾಮ ಲಕ್ಷ್ಮಣ ಸೀತೆಯರು ವನವಾಸದಲ್ಲಿ ಇಲ್ಲಿ ತಂಗಿದ್ದರು ಎನ್ನುವುದು ಇಲ್ಲಿನವರ ನಂಬಿಕೆ. ಪಕ್ಕದಲ್ಲೇ ಕಾವೇರಿ ಬಂಡೆಯಿಂದ ಬಂಡೆಗೆ ಧುಮ್ಮಿಕ್ಕುತ್ತಾಳೆ. ಮಳೆಗಾಲದಲ್ಲಿ ಹೊರಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಗರ್ಭಗುಡಿಯೊಳಗೆ ಮಾತ್ರ ಆ ಸದ್ದು ಬರುವುದಿಲ್ಲ ಎಂದು ಇಂದಿಗೂ ಜನ ಹೇಳುತ್ತಾರೆ. ನಾವು ಹೋದದ್ದು ಚಳಿಗಾಲ, ನೀರು ತೆಳ್ಳಗಿತ್ತು. ಆದರೂ ಅವ್ವ ಹೊರಗೂ ಒಳಗೂ ಓಡಾಡಿ ಕಿವಿಗೊಟ್ಟು ಪರೀಕ್ಷೆ ಮಾಡಿದಳು. ಬತ್ತಾಸು, ಕಡ್ಲೆಪುರಿ ಕಟ್ಟಿಸಿಕೊಂಡು ಹೊರಟೆವು.

ಆ ಪ್ರಯಾಣ ಅವ್ವನ ಮನಸ್ಸಿನಲ್ಲಿ ಏನು ಮಾಡಿತೋ, ಬೇಸಿಗೆಯಲ್ಲಿ ಒಂದು ದಿನ, "ನಾನೂ ಕಲೀತೀನಿ" ಅಂದಳು. ಅವಳಿಗಾಗ ಮೂವತ್ತೈದರ ಮೇಲೆ ವಯಸ್ಸು. ನಮ್ಮೂರಲ್ಲಿ ಸೈಕಲ್ ಹೊಡೆಯುವ ಹೆಂಗಸು ಒಬ್ಬರೂ ಇರಲಿಲ್ಲ. ಪೇಟೆಯ ಅಂಗಡಿಯಲ್ಲಿ ಬಾರಿಲ್ಲದ ಲೇಡೀಸ್ ಸೈಕಲ್ ಒಂದೇ ಒಂದಿತ್ತು, ಅದನ್ನು ಹೆರಿಗೆ ಮಾಡಿಸುವ ನರ್ಸಮ್ಮ ಬಾಡಿಗೆಗೆ ಒಯ್ಯುತ್ತಿದ್ದರು. ಅವರು ಬಿಟ್ಟ ದಿನ ಅಪ್ಪ ಅದನ್ನು ತಂದು, ಇನ್ನೂ ನಸುಕಿರುವಾಗ ಏರಿಯ ಮೇಲೆ ಅವ್ವನನ್ನು ಹತ್ತಿಸುವರು. ಕ್ಯಾರಿಯರ್ ಹಿಡಿದು ಹಿಂದೆ ಓಡುವರು. ಸೆರಗು ಸೊಂಟಕ್ಕೆ ಬಿಗಿದು, ತುಟಿ ಕಚ್ಚಿಕೊಂಡು ಅವ್ವ ಪೆಡಲ್ ತುಳಿಯುತ್ತಿದ್ದ ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಊರೊಳಗಿನ ರಸ್ತೆಯಲ್ಲಾಗಿದ್ದರೆ ಅವಳು ಕಲಿಯುತ್ತಿರಲಿಲ್ಲ. ಜಗಲಿ ಜಗಲಿಯ ಮೇಲೂ ನೋಡುವ ಕಣ್ಣುಗಳಿರುತ್ತಿದ್ದವು, ನಡುವೆ ಬಸ್ಸು ಬರುತ್ತಿತ್ತು, ಗಾಡಿ ಬರುತ್ತಿತ್ತು. ಏರಿಯ ಮೇಲೆ ಇದ್ದದ್ದು ನೀರು, ಮರ, ಒಬ್ಬ ಸೌಡಿ.

ಆ ಸೌಡಿಯ ಮಾತು ಹೇಳಲೇಬೇಕು. ತೂಬುಗಳನ್ನು ಏರಿಸಿ ಇಳಿಸಿ ಊರೂರಿಗೆ ನೀರು ಹಂಚುವ ಕೆಲಸ ಅವನದು. ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ದಿನಾ ಅದೇ ದಾರಿಯಲ್ಲಿ ಮೈಲಿಗಟ್ಟಲೆ ನಡೆಯುವವನು. ಅವ್ವ ಓಲಾಡುತ್ತಾ ಬರುವುದನ್ನು ಕಂಡರೆ ಪಕ್ಕಕ್ಕೆ ಸರಿದು ನಿಂತು, "ನಿಧಾನಕ್ ಬನ್ರವ್ವ, ಮುಂದೆ ತೂಬೈತೆ" ಎಂದು ಕೂಗಿ ಹೇಳುವನು. ಒಂದು ದಿನವೂ ನಗಲಿಲ್ಲ. ಏರಿ ಕುಸಿದ ಕಡೆ, ಏಡಿ ತೂತು ಕೊರೆದ ಕಡೆ ಒಂದೊಂದು ಹಸಿರು ರೆಂಬೆ ನೆಟ್ಟಿರುತ್ತಿದ್ದ. ಅದನ್ನು ಯಾವ ಇಂಜಿನಿಯರೂ ಅವನಿಗೆ ಹೇಳಿಕೊಟ್ಟಿರಲಾರರು. ಆ ದಾರಿಯಲ್ಲಿ ಹೆಂಗಸರು ಮಕ್ಕಳು ಬರುತ್ತಾರೆ ಎಂಬುದು ಅವನ ತಲೆಯಲ್ಲಿತ್ತು, ಅಷ್ಟು ಸಾಕಾಗಿತ್ತು.

ಮಳೆ ಹಿಡಿಯುವ ಹೊತ್ತಿಗೆ ಅವ್ವ ಕಲಿತುಬಿಟ್ಟಳು. ಅಪ್ಪ ಹಳೆಯದೊಂದು ಲೇಡೀಸ್ ಸೈಕಲ್ಲನ್ನೇ ಕೊಂಡು ತಂದರು. ಆಮೇಲೆ ಚಿಕ್ಕಮ್ಮನ ಊರಿಗೆ ಅವಳದು ಅದೇ ಸವಾರಿ. ಮುಂದೆ ಬುಟ್ಟಿಯಲ್ಲಿ ಹುರುಳಿಕಾಳೋ ಸೊಪ್ಪೋ, ಹಿಂದೆ ತಮ್ಮ. ಬಸ್ಸಿಗೆ ಕಾಯಬೇಕಾಗಿಲ್ಲ, ಕರೆದುಕೊಂಡು ಹೋಗಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ತವರಿನ ಕಡೆಯ ಸಾವು ನೋವು, ಬಾಣಂತನ, ಹಬ್ಬಗಳೆಲ್ಲಕ್ಕೂ ಅವ್ವ ತಾನಾಗಿಯೇ ಹೋಗಿ ಬರುವವಳಾದಳು. ಕಡೆಯವರೆಗೂ ಅವಳು ಟಾರು ರಸ್ತೆಗೆ ಸೈಕಲ್ ಇಳಿಸಲಿಲ್ಲ. ಅವಳ ಪಾಲಿಗೆ ಸೈಕಲ್ಲೆಂದರೆ ನಾಲೆ ಏರಿಯೇ. ಸಾಧಾರಣ ಓದಿನ ಒಬ್ಬ ಹೆಣ್ಣುಮಗಳಿಗೆ ಇಷ್ಟು ಸ್ವಾತಂತ್ರ್ಯವನ್ನು ಬೇರೆ ಯಾವುದು ಕೊಡಬಹುದಿತ್ತೋ ನಾನು ಕಾಣೆ.

ನನಗೆ ಹೈಸ್ಕೂಲು ಕೆಲಸ ಸಿಕ್ಕಿದ್ದು ಹುಣಸೂರು ತಾಲ್ಲೂಕಿನಲ್ಲಿ, ಹನಗೋಡಿನ ಕಡೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪು ಜಲಪಾತ ಇಳಿದು ಬರುವ ಲಕ್ಷ್ಮಣತೀರ್ಥ ಹೊಳೆಗೆ ಹನಗೋಡಿನಲ್ಲಿ ಕಟ್ಟೆ ಕಟ್ಟಿದ್ದಾರೆ. ಅಲ್ಲಿಂದ ಹೊರಟ ನಾಲೆಯ ಏರಿಯನ್ನು ಕಂಡ ದಿನವೇ ನನಗೆ ಊರು ಹಳೆಯದಾಯಿತು. ಭಾನುವಾರಗಳಲ್ಲಿ ನಾವು ಗಂಡ ಹೆಂಡತಿ, ಮಗಳು, ಮಗ ಸೈಕಲ್ ಹತ್ತಿ ಹೊರಡುತ್ತಿದ್ದೆವು. ಒಂದು ಕಡೆ ಭತ್ತ, ಇನ್ನೊಂದು ಕಡೆ ಮೇಲು ನೆಲದಲ್ಲಿ ಹೊಗೆಸೊಪ್ಪು. ಶ್ರಾವಣ ಭಾದ್ರಪದಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಉರಿ ಹಾಕಿರುತ್ತಾರೆ. ಬೇಯುವ ಎಲೆಯ ಸಿಹಿಗಂಪು ನಾಲೆಯ ತಣ್ಣನೆ ಗಾಳಿಯಲ್ಲಿ ತೇಲಿ ಬರುತ್ತದೆ. ಹುಣಸೂರು ಕಡೆಯ ಮಕ್ಕಳಿಗೆ ಅದೇ ಮಳೆಗಾಲದ ವಾಸನೆ. ಬ್ಯಾರನ್ ಮುಂದೆ ಸೊಪ್ಪು ಕಟ್ಟುತ್ತಾ ಕೂತ ನನ್ನ ಶಿಷ್ಯರು, "ಮಿಸ್, ಎಲ್ಗೋಗ್ತಿದ್ದೀರಾ?" ಎಂದು ಎದ್ದು ನಿಲ್ಲುತ್ತಿದ್ದರು. ಅಲ್ಲಿ ಕೂತು ಒಂದು ಲೋಟ ಕಾಫಿ ಕುಡಿದ ಹೊರತು ಬಿಡುತ್ತಿರಲಿಲ್ಲ.

ಹನಗೋಡು ಸೀಮೆಯಲ್ಲಿ ಒಂದು ಕಟ್ಟಳೆ ಇದೆ, ಅದನ್ನು ಯಾರೂ ಮುರಿಯಕೂಡದು. ನಾಗರಹೊಳೆ ಕಾಡು ಬೆನ್ನಿಗೇ ಇರುವುದರಿಂದ ಆನೆಗಳು ಸಂಜೆ ಇಳಿದು ಬಂದು, ಗದ್ದೆ ಮೇದು, ನಸುಕಿನಲ್ಲಿ ಹಿಂದಕ್ಕೆ ಹೋಗುತ್ತವೆ. ನಾಲೆ ಅವಕ್ಕೂ ನೀರಿನ ದಾರಿಯೇ. ಕಂದಕ ತೋಡಿದ್ದಾರೆ, ರೈಲು ಕಂಬಿಗಳ ತಡೆ ನಿಲ್ಲಿಸಿದ್ದಾರೆ, ಆದರೂ ದಾಟುತ್ತವೆ. ಬಿಸಿಲು ಏರಿದ ಮೇಲೆ ಹೊರಡಬೇಕು, ಹೊತ್ತು ಇಳಿಯುವ ಮೊದಲೇ ಮನೆ ಸೇರಬೇಕು. ಕಾಡೊಳಗಿನ ಕುಟ್ಟ ರಸ್ತೆಯನ್ನೂ ಎಚ್.ಡಿ. ಕೋಟೆಯಿಂದ ಬಾವಲಿಗೆ ಹೋಗುವ ರಸ್ತೆಯನ್ನೂ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದೂ ಇದಕ್ಕೇ. ನನ್ನ ಮಕ್ಕಳು ಲದ್ದಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತು ಎಂದು ಹೇಳುವುದನ್ನು ಕಾಡಂಚಿನ ಆದಿವಾಸಿ ಹಾಡಿಯ ಮಕ್ಕಳಿಂದ ಕಲಿತರು. ಹಸಿಯಾಗಿದ್ದರೆ ಮಾತಿಲ್ಲದೆ ಸೈಕಲ್ ತಿರುಗಿಸುವುದನ್ನೂ ಕಲಿತರು. ಮಕ್ಕಳಿಗೆ ಹೆದರಿಕೆ ಕಲಿಸಬಾರದು ಅನ್ನುತ್ತಾರೆ. ಇಂಥ ಎಚ್ಚರ ಹೆದರಿಕೆಯಲ್ಲ, ಕಾಡಿಗೆ ಕೊಡುವ ಮರ್ಯಾದೆ.

ಪಿರಿಯಾಪಟ್ಟಣದ ಕಡೆ ಹಾರಂಗಿ ನೀರು ಹರಿಯುತ್ತದೆ. ಹಾರಂಗಿ ಅಣೆಕಟ್ಟೆ ಕೊಡಗಿನಲ್ಲಿದ್ದರೂ ನೀರು ಬೆಳೆಸುವುದು ನಮ್ಮ ಜಿಲ್ಲೆಯ ಬಯಲನ್ನೂ. ಅಲ್ಲಿಯ ನಾಲೆಗಳು ಹೊಸವು, ಅಗಲವಾದವು, ಮರ ಕಡಿಮೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಎಲ್ಲಿ ತಿರುಗಿದರೂ ಕಣ್ಣಿಗೆ ಬೀಳುತ್ತದೆ, ದಾರಿ ತಪ್ಪುವ ಮಾತೇ ಇಲ್ಲ. ಎಚ್.ಡಿ. ಕೋಟೆಯ ಕಡೆ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯಿದೆ, ನುಗು ಇದೆ, ತಾರಕ ಇದೆ. ಆ ಸೀಮೆಯ ಏರಿಗಳನ್ನು ನಾನು ಹೆಚ್ಚು ತುಳಿದವಳಲ್ಲ, ಬಲ್ಲವರು ಬರೆಯಲಿ.

ಹನಗೋಡಿನ ಕಡೆ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಯೊಂದಿತ್ತು. ಏಳನೇ ತರಗತಿ ಮುಗಿಸಿದ ಹುಡುಗಿಯರು ಎಂಟಕ್ಕೆ ಬರುತ್ತಿರಲಿಲ್ಲ. ಪ್ರೈಮರಿ ಶಾಲೆ ಊರಲ್ಲೇ ಇತ್ತು, ಹೈಸ್ಕೂಲು ನಾಲ್ಕೈದು ಮೈಲಿ ದೂರ. "ಅಷ್ಟ್ ದೂರ ಒಬ್ಳನ್ನೇ ಎಂಗ್ ಕಳ್ಸಾದು ಮಿಸ್?" ಎನ್ನುವ ತಾಯಂದಿರಿಗೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಗೆ ಬರುವ ಬಡ ಮನೆಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಮುಂದೆ ಗಂಡುಮಕ್ಕಳಿಗೂ ಬಂತು. ಶಾಲೆಯ ಅಂಗಳದಲ್ಲಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದ ದಿನ ಹುಡುಗಿಯರು ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಲೂ ಮನಸ್ಸಿಲ್ಲದೆ ಸವರುತ್ತಾ ನಿಂತಿದ್ದರು. ಸೈಕಲ್ ಬರುವುದಿಲ್ಲ ಎಂದವರನ್ನು ನಾನು ಶಾಲೆ ಬಿಟ್ಟ ಕೂಡಲೇ, ಇನ್ನೂ ಬಿಸಿಲಿರುವಾಗ, ನಾಲೆ ಏರಿಗೆ ಕರೆದುಕೊಂಡು ಹೋದೆ. ಕ್ಯಾರಿಯರ್ ಹಿಡಿದು ಹಿಂದೆ ಓಡುವ ಕೆಲಸ ಈಗ ನನ್ನದಾಗಿತ್ತು.

ಕೆಲವು ದಿನಗಳಲ್ಲೇ ಅವರು ಗುಂಪು ಕಟ್ಟಿಕೊಂಡು ಬರತೊಡಗಿದರು. ಮೇಲಿನ ಊರಿನವರು ಮೊದಲು ಹೊರಡುವರು, ಒಂದೊಂದು ಊರಿನ ಸೋಪಾನದ ಬಳಿಯೂ ಇಬ್ಬರು ಮೂವರು ಸೇರಿಕೊಳ್ಳುವರು, ಶಾಲೆಯ ಹತ್ತಿರಕ್ಕೆ ಬರುವ ಹೊತ್ತಿಗೆ ಏರಿಯ ತುಂಬ ನೀಲಿ ಲಂಗ ಬಿಳಿ ಅಂಗಿ. ಟಾರು ರಸ್ತೆ ಹತ್ತಿರವಾಗಿದ್ದರೂ ಅವರು ಬಳಸಿ ಏರಿಯಲ್ಲೇ ಬರುತ್ತಿದ್ದರು. ಯಾಕೆ ಎಂದು ಕೇಳಿದೆ. ಒಬ್ಬಳು, "ಇಲ್ಲಾದ್ರೆ ಜೊತೆಜೊತೆಗೆ ಮಾತಾಡ್ಕೊಂಡ್ ಬರ್ಬೋದು ಮಿಸ್" ಅಂದಳು. ರಸ್ತೆ ಇಂಜಿನಿಯರುಗಳು ಕೇಳಿಸಿಕೊಳ್ಳಬೇಕಾದ ಮಾತು ಅದು. ಹೆದ್ದಾರಿಯ ಪಕ್ಕದಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು ಉಸಿರು ಬಿಗಿಹಿಡಿದು ಹೋಗಬೇಕು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಮಡಿಕೇರಿ ಕಡೆಗೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಒಂದು ಸಂಜೆ ನಿಂತು ನೋಡಿದರೆ ಯಾರಿಗಾದರೂ ಇದು ಅರ್ಥವಾಗುತ್ತದೆ. ಕೊರೊನಾ ಬಂದ ಮೇಲೆ ಆ ಸೈಕಲ್ ಯೋಜನೆ ನಿಂತುಹೋದದ್ದು ನನಗೆ ಇನ್ನೂ ನೋವಿನ ಸಂಗತಿ. ಅದನ್ನು ಮತ್ತೆ ಶುರುಮಾಡಬೇಕು.

ಮಗಳು ಈಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ನಿವೃತ್ತಿಯಾದ ಮೇಲೆ ಒಂದು ಬೇಸಿಗೆ ಅವಳ ಮನೆಗೆ ಹೋಗಿದ್ದಾಗ, "ಅಮ್ಮಾ, ನಿನಗೊಂದು ನಾಲೆ ಏರಿ ತೋರಿಸ್ತೀನಿ ಬಾ" ಎಂದು ರೈಲಿನಲ್ಲಿ ಆಲ್ಪ್ಸ್ ದಾಟಿಸಿ ಇಟಲಿಯ ಟೊಬ್ಲಾಖ್ ಎಂಬ ಊರಿಗೆ ಕರೆದೊಯ್ದಳು. ದ್ರಾವ ಎಂಬ ನದಿ ಅಲ್ಲಿ ಹುಟ್ಟುತ್ತದೆ. ಆ ನದಿಯ ಜೊತೆಜೊತೆಗೇ ಒಂದು ಸೈಕಲ್ ದಾರಿ ಹೊರಟು, ಆಸ್ಟ್ರಿಯಾ, ಸ್ಲೊವೇನಿಯಾಗಳನ್ನು ಹಾದು ಕ್ರೊಯೇಷಿಯಾದವರೆಗೆ 500 ಕಿ.ಮೀ.ಗೂ ಮೇಲೆ ಹೋಗುತ್ತದೆ. ಟೊಬ್ಲಾಖ್‌ನಿಂದ ಆಸ್ಟ್ರಿಯಾದ ಲಿಯೆಂಟ್ಸ್‌ವರೆಗಿನ ಮೊದಲ 45 ಕಿ.ಮೀ. ಆಸುಪಾಸಿನ ದಾರಿ ಮಕ್ಕಳೊಂದಿಗರದು. ಟೊಬ್ಲಾಖ್ ಇರುವುದು 1,200 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಲಿಯೆಂಟ್ಸ್ 700 ಮೀಟರಿಗೂ ಕೆಳಗೆ. ಅಷ್ಟುದ್ದಕ್ಕೂ ಹೆಚ್ಚಿನಂಶ ಇಳಿಕೆಯೇ. ಟೊಬ್ಲಾಖ್‌ನಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಲಿಯೆಂಟ್ಸ್‌ನಲ್ಲಿ ಒಪ್ಪಿಸಿ ರೈಲಿನಲ್ಲಿ ಹಿಂದಿರುಗಬಹುದು.

ಮೊಮ್ಮಗಳನ್ನು ಸೈಕಲ್ ಹಿಂದಿನ ಪುಟ್ಟ ಗಾಡಿಯಲ್ಲಿ ಕೂರಿಸಿಕೊಂಡು ಮಗಳು ಮುಂದೆ, ಅಳಿಯ ಹಿಂದೆ, ನಾನು ನಡುವೆ. ಎರಡೂ ಕಡೆ ಆಕಾಶಕ್ಕೆ ಎದ್ದ ಕಲ್ಲಿನ ಬೆಟ್ಟಗಳು, ನಡುವೆ ಹುಲ್ಲುಗಾವಲು, ಪಕ್ಕದಲ್ಲಿ ಬೂದುಹಸಿರು ನೀರು. ಕಾರಿಲ್ಲ, ಲಾರಿಯಿಲ್ಲ. ಅಪ್ಪಂದಿರು, ಅಮ್ಮಂದಿರು, ಆಗಷ್ಟೇ ಸೈಕಲ್ ಕಲಿತ ಮಕ್ಕಳು, ನನಗಿಂತ ಹಿರಿಯರಾದ ದಂಪತಿಗಳು. ಎಲ್ಲೋ ಒಂದು ಕಡೆ ಇಟಲಿ ಮುಗಿದು ಆಸ್ಟ್ರಿಯಾ ಶುರುವಾಯಿತು. ಯಾರೂ ನಿಲ್ಲಿಸಲಿಲ್ಲ. ದಾರಿಯಲ್ಲೊಂದು ವೇಫರ್ ಬಿಸ್ಕತ್ತಿನ ಕಾರ್ಖಾನೆ ಸಿಕ್ಕಿತು, ಮಕ್ಕಳೆಲ್ಲ ಅಲ್ಲಿ ಇಳಿಯದೆ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮೊಮ್ಮಗಳೂ ಇಳಿದಳು. ಅಲ್ಲಿ ಮರದ ಬೆಂಚಿನ ಮೇಲೆ ಕೂತು ನಾನು ಅವ್ವನನ್ನು ನೆನೆದು ಅತ್ತೆ. ಅವ್ವ ಬದುಕಿದ್ದರೆ ಈ ದಾರಿಯನ್ನು ಹೊಸದು ಅನ್ನುತ್ತಿರಲಿಲ್ಲ. ನೀರಿನ ಮಟ್ಟ ನಂಬಿ ಹೋಗುವ ದಾರಿ, ಗಾಡಿಗಳ ಗದ್ದಲವಿಲ್ಲದ ದಾರಿ, ತಾಯಿ ಮಕ್ಕಳು ಒಟ್ಟಿಗೆ ಹೋಗಬಹುದಾದ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದನ್ನೂ ಹೇಳುತ್ತೇನೆ. ಬೆಟ್ಟ ಗುಡ್ಡ ಹಿಮ ಎಂದು ನಾನು ಹೊಟ್ಟೆಕಿಚ್ಚು ಪಡಲಾರೆ. ಬೆಳ್ಳಕ್ಕಿ ಇಳಿಯುವ ನಮ್ಮ ಗದ್ದೆಬಯಲು ಯಾವ ಕಣಿವೆಗೂ ಕಡಿಮೆಯಲ್ಲ. ನಮ್ಮ ನಾಲೆ ಏರಿ ಇನ್ನೂ ಒಂದು ಪಟ್ಟು ಮೇಲು, ಅಲ್ಲಿನವರು ವಾಪಸು ಹತ್ತಲಾರದೆ ರೈಲು ಹಿಡಿಯುತ್ತಾರೆ, ಇಲ್ಲಿ ಎರಡು ಕಡೆಗೂ ಸಮ. ರೈಲೇ ಬೇಕೆಂದರೂ ಮೈಸೂರಿನಿಂದ ಹಾಸನ, ಅರಸೀಕೆರೆ ಕಡೆಗೆ ಹೋಗುವ ಗಾಡಿ ಸಾಗರಕಟ್ಟೆಯಲ್ಲಿ ಕೆಆರ್‌ಎಸ್ ಹಿನ್ನೀರು ದಾಟಿ ಕೆ.ಆರ್. ನಗರಕ್ಕೆ ಬರುತ್ತದೆ. ಇಲ್ಲದ್ದು ಒಂದೇ, ಆ ದಾರಿಯನ್ನು ದಾರಿಯೆಂದು ಕಂಡು ಕಾಯುವ ಮನಸ್ಸು. ದ್ರಾವ ದಂಡೆಯಲ್ಲಿ ಕುಡಿಯುವ ನೀರಿದೆ, ಕೂರಲು ಬೆಂಚಿದೆ, ಸೇತುವೆಗೆ ಕಟಕಟೆಯಿದೆ, ಮುಂದಿನ ಊರು ಎಷ್ಟು ದೂರ ಎಂದು ಹೇಳುವ ಫಲಕವಿದೆ. ಯಾರೋ ಪ್ರತಿವರ್ಷ ಅದನ್ನು ನೋಡಿಕೊಳ್ಳುತ್ತಾರೆ.

ಊರಿಗೆ ಬಂದ ಮೇಲೆ ನಾನು ಹಳೆಯ ಏರಿಯನ್ನು ಮತ್ತೆ ತುಳಿದೆ. ಕೆಲವು ಕಡೆ ಈಗ ಗಟ್ಟಿ ರಸ್ತೆಯಾಗಿದೆ, ಟ್ರ್ಯಾಕ್ಟರು, ಟಿಪ್ಪರುಗಳು ಓಡಾಡುತ್ತವೆ. ಟ್ರ್ಯಾಕ್ಟರ್ ಬರಲೇಬೇಕು, ರೈತನ ದಾರಿ ಅದು, ಅದನ್ನು ಪ್ರಶ್ನಿಸುವ ಹಕ್ಕು ಯಾವ ಸೈಕಲ್ಲಿಗೂ ಇಲ್ಲ. ಟಿಪ್ಪರಿಗೆ ಅಲ್ಲೇನು ಕೆಲಸ? ಪೇಟೆ ಹತ್ತಿರ ಕಸ ಸುರಿದಿದ್ದಾರೆ. ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ. ಬಾಟಲಿ ಚೂರುಗಳಿಗೆ ಟ್ಯೂಬು ಉಳಿಯುವುದಿಲ್ಲ. ಇದೆಲ್ಲವನ್ನೂ ಒಂದು ತಿಂಗಳಲ್ಲಿ ಸರಿಮಾಡಬಹುದು. ನನ್ನನ್ನು ನಿಜವಾಗಿ ಹೆದರಿಸಿದ್ದು ನಾಲೆಯ ಒಳಮೈ.

ಹಳೆಯ ನಾಲೆ ಮಣ್ಣಿನದು. ಅದರ ಅಂಚಿಗೆ ಬೇರುಗಳಿದ್ದವು, ದನ ಇಳಿದು ಹತ್ತುವ ಜಾಡುಗಳಿದ್ದವು, ಬಟ್ಟೆ ಒಗೆಯುವ ಸೋಪಾನಗಳಿದ್ದವು. ತಮ್ಮ ಒಂದು ಸಲ ಸೈಕಲ್ ಸಮೇತ ಒಳಗೆ ಉರುಳಿ, ಅತ್ತಿ ಬೇರು ಹಿಡಿದು ತಾನೇ ಹತ್ತಿ ಬಂದಿದ್ದ. ಈಗ ಬಹಳ ಕಡೆ ನಾಲೆಗೆ ಕಾಂಕ್ರೀಟು ಹಾಕಿದ್ದಾರೆ. ನೀರು ಸೋರುವುದಿಲ್ಲ, ಕೊನೆಯ ಭಾಗದ ರೈತನಿಗೂ ನೀರು ಮುಟ್ಟುತ್ತದೆ, ಅದು ಆಗಬೇಕಾದ ಕೆಲಸವೇ. ಆದರೆ ನುಣುಪಾದ ಆ ಇಳಿಜಾರು ಗೋಡೆಗೆ ಬಿದ್ದವರ ಕೈಗೆ ಸಿಗುವುದು ಏನೂ ಇಲ್ಲ. ಪಾಚಿ ಕಟ್ಟಿದರೆ ಈಜು ಬಲ್ಲವರೂ ಜಾರಿ ಜಾರಿ ಬೀಳುತ್ತಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೀರಿನ ಪಕ್ಕದ ದಾರಿ ಎಷ್ಟು ಚೆಂದವೋ ಅಷ್ಟೇ ಜವಾಬ್ದಾರಿಯದು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಹೆಸರಿನಲ್ಲಿ ಸಾರ್ವಜನಿಕ ಸೈಕಲ್ ವ್ಯವಸ್ಥೆ ಬಂತು. ಪೇಟೆಗೆ ಅಷ್ಟು ಮಾಡಲು ಸಾಧ್ಯವಾದ ಮೇಲೆ ಹಳ್ಳಿಗೂ ಮಾಡಬಹುದು. ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಕೆ.ಆರ್. ನಗರದ ರೈಲು ನಿಲ್ದಾಣದಿಂದ ಹೊರಟು ನಾಲೆ ಏರಿ ಹಿಡಿದು ಚುಂಚನಕಟ್ಟೆ, ಅಲ್ಲಿಂದ ಹೊಳೆ ದಾಟಿ ಸಾಲಿಗ್ರಾಮ, ಇಷ್ಟನ್ನು ಮೊದಲು ಮಾಡಿ. ಸಾಲಿಗ್ರಾಮ ಈಗ ಬೇರೆ ತಾಲ್ಲೂಕು, ಎರಡೂ ತಾಲ್ಲೂಕಿನವರು ಸೇರಿ ಮಾಡಲಿ. ಟಿಪ್ಪರು ನುಸುಳದಂತೆ ತಡೆ ಹಾಕಿ, ರೈತರ ಗಾಡಿಗೆ ದಾರಿ ಬಿಡಿ. ಹೊಂಗೆ, ನೇರಳೆ, ಬೇವು ನೆಟ್ಟು ಮೂರು ವರ್ಷ ನೀರೆರೆಯಿರಿ. ತೂಬುಗಳ ಮೇಲೆ ಊರಿನ ಹೆಸರು ಬರೆಸಿ. ಇದೆಲ್ಲದಕ್ಕಿಂತ ಮೊದಲು ಕಾಂಕ್ರೀಟು ಹಾಕಿದ ಪ್ರತಿ ನಾಲೆಯ ಗೋಡೆಗೂ ಕೂಗಳತೆಗೊಂದರಂತೆ ಕಬ್ಬಿಣದ ಮೆಟ್ಟಿಲು ಕೂರಿಸಿ, ಸೇತುವೆ ತಿರುವುಗಳಿಗೆ ಗಟ್ಟಿ ತಡೆಗೋಡೆ ಕಟ್ಟಿ.

ಮಕ್ಕಳಿರುವ ಓದುಗರಿಗೆ ಒಂದು ಮಾತು. ಆಷಾಢದ ಗಾಳಿ ಇಳಿದ ಮೇಲೆ, ಭತ್ತ ಹಸಿರಾಗಿ ನಿಂತಿರುವಾಗ ಒಂದು ಭಾನುವಾರ ಕೆ.ಆರ್. ನಗರದ ನಾಲೆ ಏರಿಗೆ ಬನ್ನಿ. ಬೆಳಿಗ್ಗೆಯೇ ಹೊರಡಿ. ಒಂದು ಪಂಪು, ಪಂಕ್ಚರ್ ಡಬ್ಬಿ, ಬುತ್ತಿ ಇರಲಿ. ದಾರಿಯಲ್ಲಿ ಸಿಕ್ಕ ಸೌಡಿಯನ್ನು ಮಾತಾಡಿಸಿ, ಮುಂದೆ ಏರಿ ಹೇಗಿದೆ ಎಂದು ಕೇಳಿ. ಹೋಗುವಾಗ ದೊಡ್ಡವರು ನೀರಿನ ಕಡೆ ಇರಿ, ಮಕ್ಕಳನ್ನು ಗದ್ದೆಯ ಕಡೆ ಬಿಡಿ.